ಎಣ್ಣೆ ಕುಡಿಯದ ಬುಶ್ಶು

ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಎಣ್ಣೆಯಕ್ಕ. ಫ್ಯಾನಿನ ಮೋಟಾರಿನಲ್ಲಿ ತಿರುಗುವ ಕಡ್ಡಿಗೆ ತೊಡಿಸುವ ಪುಟ್ಟ ಬಳೆಯಂಥ ಬುಶ್ಶುಗಳು ಅವಳ ಕೈ ದಾಟದೆ ಹೊರಗೆ ಹೋಗುತ್ತಿರಲಿಲ್ಲ. ಕಬ್ಬಿಣದ ಪುಡಿಗೆ ತಾಮ್ರದ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಗೆ ಬಿಟ್ಟರೆ ತಾಮ್ರ ಮೊದಲು ಕರಗಿ ಕಬ್ಬಿಣದ ಸಂದಿಗೆ ಇಳಿದು ಹಿಡಿದುಕೊಳ್ಳುತ್ತದೆ. ಆದರೂ ಎರಡೂ ಪೂರ್ತಿ ಒಂದಾಗುವುದಿಲ್ಲ. ಒಂದೇ ಸೂರಿನಡಿಯ ಅತ್ತೆ-ಸೊಸೆ ಎಂದು ನಗುತ್ತಿದ್ದಳು. ನಡುವೆ ಉಳಿದ, ಕಣ್ಣಿಗೆ ಕಾಣದ ತೂತುಗಳಿಗೆ ಎಣ್ಣೆ ಕುಡಿಸುವುದೇ ಅವಳ ಕೆಲಸ. ಬಿಸಿಯಾದಾಗ ಬುಶ್ಶು ಎಣ್ಣೆ ಬಿಡುತ್ತದೆ, ತಣಿದಾಗ ಹೀರಿಕೊಳ್ಳುತ್ತದೆ. ಎಣ್ಣೆ ಕುಡಿಯದ್ದು ಕೆಲವು ತಿಂಗಳಲ್ಲೇ ಕಿರುಗುಟ್ಟಿ ಮೋಟಾರನ್ನು ನಿಲ್ಲಿಸಿಬಿಡುತ್ತದೆ.

ಮಗಳು ಬಸಿರಾದ ಸುದ್ದಿ ಬಂದ ದಿನ, ಆ ಸಂಭ್ರಮದಲ್ಲಿ ಒಂದು ತಟ್ಟೆ ಬುಶ್ಶನ್ನು ಎಣ್ಣೆಗೆ ಇಳಿಸಿದೆನೋ ಇಲ್ಲವೋ ಎಂದು ಅವಳಿಗೆ ಮರುದಿನ ಅನುಮಾನ ಬಂತು. ಅಷ್ಟರಲ್ಲಿ ಸರಕು ಹೊರಟುಹೋಗಿತ್ತು. ಕೆಲಸ ಹೋದೀತೆಂಬ ಭಯಕ್ಕೆ ಬಾಯಿ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆಮೇಲೆ ಯಾವ ಫ್ಯಾನು ಸದ್ದು ಮಾಡಿದರೂ ಬೆಚ್ಚುತ್ತಿದ್ದಳು.

ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಒಳಗೆ ಬೆಚ್ಚನೆಯ ಗಾಳಿ ಆಡಿಸುವ ಮೋಟಾರಿನ ಮೇಲೆ ಎಣ್ಣೆಯಕ್ಕನಿಗೆ ಗುರುತಿನ ಹೆಸರೇ ಇತ್ತು: ಅವರ ಕಾರ್ಖಾನೆಯಿಂದ ಬುಶ್ಶು ಕೊಳ್ಳುವ ಕಂಪನಿಯದು. ಒಂದು ಬೆಳಿಗ್ಗೆ ಅದು ಕಿರ್ರೆಂದಾಗ ಅವಳು ಧಡಕ್ಕನೆ ಎದ್ದಳು. ಕೂಗಿ ನರ್ಸನ್ನು ಕರೆದಳು. ನರ್ಸು ಮಗುವನ್ನು ಪಕ್ಕದ ಪೆಟ್ಟಿಗೆಗೆ ಸಾಗಿಸಿದಳು. ರಿಪೇರಿಯವನು ಬಂದು ಮೋಟಾರು ಬಿಚ್ಚಿದ. ಎಣ್ಣೆಯಕ್ಕ ಬುಶ್ಶನ್ನು ಬೇಡಿ ಈಸಿಕೊಂಡು, ಚೆನ್ನಾಗಿ ಒರೆಸಿ, ಕಾಗದದಲ್ಲಿ ಸುತ್ತಿ, ಬಿಸಿ ಟೀ ಲೋಟಕ್ಕೆ ಒತ್ತಿ ಹಿಡಿದಳು.

ಕಾಗದದ ಮೇಲೆ ಎಣ್ಣೆಯ ಕಲೆ ಮೂಡಿತು.

"ಬುಶ್ ಚೆನ್ನಾಗೇ ಇದೆ ಅಮ್ಮ," ಎಂದ ರಿಪೇರಿಯವನು. "ಸ್ಕ್ರೂ ಸಡಿಲ ಆಗಿ ರೆಕ್ಕೆ ತಗಲ್ತಿತ್ತು, ಅಷ್ಟೆ."

ಹೋದ ಜೀವ ಬಂದಂತಾಯಿತು. ಕುರ್ಚಿಗೆ ಕುಸಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೋಣೆಯ ತುಂಬ ಪೆಟ್ಟಿಗೆಗಳು, ಎಲ್ಲದರಲ್ಲೂ ಯಾರದೋ ಕೂಸು, ಎಲ್ಲದರ ಕೆಳಗೂ ಒಂದೊಂದು ಫ್ಯಾನು ಗುಂಯ್‌ಗುಡುತ್ತಿತ್ತು. ಆ ತಟ್ಟೆಯ ಬುಶ್ಶು ತನ್ನ ಮೊಮ್ಮಗಳ ಪಾಲಿಗೆ ಬಂದಿಲ್ಲ. ಹಾಗಾದರೆ ಯಾರ ಪಾಲಿಗೆ ಹೋಗಿದೆ? ಬಂದ ಜೀವ ಮತ್ತೆ ಬಾಯಿಗೆ ಬಂತು.

"ಅಪ್ಪಾ, ನಿನ್ನ ಫೋನ್ ಒಂದ್ಸಲ ಕೊಡ್ತೀಯಾ?" ಎಂದಳು. "ನಮ್ಮ ಮಾಲೀಕ್ರಿಗೆ ಒಂದು ವಿಷಯ ಹೇಳ್ಬೇಕು. ಆಗ್ಲೇ ಹೇಳ್ಬೇಕಿತ್ತು."