ತ್ರುಶೋ ಅಮ್ಮ ಹುಡುಕಿ ಹೊರಟ ಸಂತ

ಶಾಂಪ್ಲೋ ಊರಿನ ತ್ರುಶೋ ಮನೆತನದಲ್ಲಿ ಮೊದಲು ಹೆಸರು ಮಾಡಿದವನು ಕ್ಲೋದ್. ಕ್ರಾಂತಿಕಾರರು ರಾಜನ ತಲೆ ಹಾರಿಸಿ, ಇಗರ್ಜಿಗಳ ಸಂತರ ಮೂರ್ತಿಗಳನ್ನೆಲ್ಲ ಬೀದಿಗೆಳೆದು ಸುಡುತ್ತಿದ್ದ ಕಾಲದಲ್ಲಿ, ದ್ರಾಕ್ಷಿ ಬೆಳೆಗಾರರನ್ನು ಕಾಯುವ ಸಂತ ವಿನ್ಸೆಂಟನ ಮರದ ಮೂರ್ತಿಯನ್ನು ಖಾಲಿ ಪೀಪಾಯಿಯೊಳಗೆ ಅಡಗಿಸಿ ಏಳು ವರ್ಷ ತುಟಿ ಬಿಚ್ಚದೆ ಕೂತ ಗಟ್ಟಿಗ. ಅವನ ಮಗ ಎತಿಯೆನ್, ಮಳೆಗೆ ಇಳಿಜಾರಿನಿಂದ ಕೊಚ್ಚಿ ಬಂದ ಮಣ್ಣನ್ನು ಪ್ರತಿ ಚಳಿಗಾಲವೂ ಬುಟ್ಟಿಯಲ್ಲಿ ತುಂಬಿ ಮತ್ತೆ ಮೇಲಕ್ಕೆ ಹೊತ್ತು ಬೆನ್ನು ಬಾಗಿಸಿಕೊಂಡವನು. ಮೊಮ್ಮಗ ಲಜಾರ್, ಬೇರಿಗೆ ಹೇನು ಹತ್ತಿ ಬರ್ಗಂಡಿ ಸೀಮೆಯ ತೋಟಗಳೆಲ್ಲ ಒಣಗಿ ನಿಂತಾಗ, ಅಮೆರಿಕದ ಬೇರಿಗೆ ನಮ್ಮ ಕಡ್ಡಿ ಕಸಿಕಟ್ಟಿದ ಊರಿನ ಮೊದಲಿಗ. ಒಂದು ವರ್ಷ ಊರವರು ಅವನ ಜೊತೆ ಮಾತು ಬಿಟ್ಟರು. ಮರುವರ್ಷ ಅವನದೇ ಬಾಗಿಲಿಗೆ ಬಂದು ಕಡ್ಡಿ ಬೇಡಿದರು.

ಆ ಲಜಾರನ ಮಗಳು ಹೆರ್ಮಾನ್ಸ್. ಮದುವೆಯಾದದ್ದು ಬೇರೆ ಮನೆತನದವನನ್ನಾದರೂ ಊರ ಬಾಯಲ್ಲಿ ಆಕೆ ತ್ರುಶೋ ಅಮ್ಮನೇ. ಗಂಡ ತೀರಿಕೊಂಡ ಮೇಲೂ ಎರಡು ತುಂಡು ತೋಟವನ್ನು ತಾನೇ ಸವರಿ, ತಾನೇ ಕಟ್ಟಿ, ತಾನೇ ಕೊಯ್ದವಳು. ಎಪ್ಪತ್ತರ ಹೊಸ್ತಿಲಲ್ಲೂ ಕತ್ತರಿ ಹಿಡಿದರೆ ಗಂಡಸರಿಗಿಂತ ಒಂದು ಸಾಲು ಮುಂದೆ.

ಶಾಂಪ್ಲೋದಲ್ಲಿ ಸಂತ ಇಗರ್ಜಿಯಲ್ಲಿ ಇರುವುದಿಲ್ಲ. ಬೆಳೆಗಾರರ ಸಂಘದವರ ಮನೆಗಳಲ್ಲಿ ವರ್ಷಕ್ಕೊಂದು ಮನೆಯಂತೆ ವಾಸ. ಹೆಂಗಸಿನ ಮನೆಗೆ ಸಂತ ಬಂದದ್ದು ಆ ವರ್ಷವೇ ಮೊದಲು. ಕೊಡಬಾರದೆಂದು ಅರ್ಧ ಸಂಘ ಗೊಣಗಿತ್ತು. ಅದಕ್ಕೇ ಆಕೆ, ಸುತ್ತಿನ ಊರುಗಳ ಸಂತರೆಲ್ಲ ಒಂದೆಡೆ ಸೇರುವ ಜನವರಿಯ ದೊಡ್ಡ ಹಬ್ಬಕ್ಕೆ ಮುನ್ನ, ಹಟ ಹಿಡಿದು ಸಂತನನ್ನು ಸಿಂಗರಿಸಿದಳು. ಬಿರುಕುಗಳಿಗೆ ಮೇಣ ತುಂಬಿದಳು, ನಿಲುವಂಗಿಗೆ ನೀಲಿ, ಕೈಯ ದ್ರಾಕ್ಷಿ ಗೊಂಚಲಿಗೆ ನೇರಳೆ, ಕೆನ್ನೆಗೆ ಒಂದಿಷ್ಟು ಕೆಂಪು ಬಳಿದಳು. ಹಬ್ಬದ ಊರಿಗೆ ಎರಡು ಗಂಟೆಯ ದಾರಿ ಅವನನ್ನು ತೋಳಲ್ಲಿ ಹೊತ್ತು ನಡೆದೇ ಹೋದಳು.

ಅಲ್ಲಿ ನಲವತ್ತು ಊರುಗಳ ನಲವತ್ತು ಸಂತ ವಿನ್ಸೆಂಟರು ಬಲಿಪೀಠದ ಬದಿಗೆ ಸಾಲಾಗಿ ನಿಂತಿದ್ದರು. ಪೂಜೆ ಮುಗಿಯಿತು, ಊಟ ಆಯಿತು, ಬಟ್ಟಲುಗಳು ಬೇಕಾದಷ್ಟು ಸಲ ತುಂಬಿದವು. ಮಂಜು ಇಳಿಯುವ ಮೊದಲು ಹೊರಡಬೇಕೆಂದು ತ್ರುಶೋ ಅಮ್ಮ ತಾನು ಇಟ್ಟ ಜಾಗದಿಂದಲೇ, ಎಡದಿಂದ ಮೂರನೆಯದನ್ನು, ಎತ್ತಿಕೊಂಡು ಸಿಕ್ಕಿದವರ ಗಾಡಿ ಹತ್ತಿ ಮನೆಗೆ ಬಂದಳು. ಒಲೆಯ ಪಕ್ಕದ ಹಲಗೆಯ ಮೇಲೆ ನಿಲ್ಲಿಸಿದಳು. ಸಂತ ಅಲುಗಾಡಿದ.

ಮರುದಿನ ಅಶೀಲ್ ಬಂದ. ಬರುವ ಭಾನುವಾರ ಸಂತ ಹೋಗಬೇಕಾದದ್ದು ಅವನ ಮನೆಗೆ. ತ್ರುಶೋ ಅಮ್ಮ ಸಂತನ ಕಾಲಡಿಗೆ ರಟ್ಟಿನ ಚೂರು ತುರುಕುತ್ತಿದ್ದಳು.

“ಏನ್ ತ್ರುಶೋ ಅಮ್ಮ, ಸಂತನಿಗೂ ಹಬ್ಬದಲ್ಲಿ ಕುಡಿದದ್ದು ಜಾಸ್ತಿಯಾಯ್ತಾ? ತೂರಾಡ್ತಿದಾನೆ.”

“ಅಶೀಲ್, ಇವನು ನಮ್ಮವನಲ್ಲ ಅನ್ಸತ್ತೆ ಕಣೋ.”

“ಹಂಗಂದ್ರೆ? ಬಣ್ಣ ಹೊಡೆದೋರು ನೀವು, ಹೊತ್ಕೊಂಡ್ ಹೋದೋರು ನೀವು, ತಂದೋರೂ ನೀವೇ.”

“ವರ್ಷ ಪೂರ್ತಿ ಈ ಹಲಗೆ ಮೇಲೆ ಗೂಟ ಹೊಡ್ದಂಗೆ ನಿಂತಿದ್ದ.”

“ಚಳಿಗೆ ಹಲಗೆ ಸೆಟೆದಿರತ್ತೆ. ಇಲ್ಲಾ ಅಂದ್ರೆ...” ಎಂದವನು ಆಕೆಯ ನೆತ್ತಿಯ ಕಡೆಗೊಮ್ಮೆ ನೋಡಿ ಮಾತು ನುಂಗಿದ.

ಆಕೆಗೆ ಆ ನೋಟ ಚುಚ್ಚಿತು. ಹಳೆಯ ಗುರುತು ಹುಡುಕೋಣವೆಂದರೆ ತಾನೇ ಎಲ್ಲವನ್ನೂ ಮೇಣದಲ್ಲಿ ಮುಚ್ಚಿದ್ದಳು. ಸುತ್ತಲಿನ ಸಣ್ಣ ಊರುಗಳ ಬಹುಪಾಲು ಸಂತರನ್ನು ಹಿಂದೆ ಒಬ್ಬನೇ ಬಡಗಿ ಕೆತ್ತಿದ್ದು. ಹಬ್ಬಕ್ಕೆಂದು ಎಲ್ಲರೂ ಬಣ್ಣ ತರುವುದು ಬೋನ್ ಪಟ್ಟಣದ ಅದೇ ಒಂದು ಅಂಗಡಿಯಿಂದ. ಬೇರೆಯವನನ್ನು ಭಾನುವಾರ ದಾಟಿಸಿಬಿಟ್ಟರೆ ಕ್ಲೋದ್ ಉಳಿಸಿದ ಸಂತ ಊರಿಗೆ ಎಂದೆಂದಿಗೂ ಇಲ್ಲ. ಬದಲಾಗಿದ್ದಾನೆಂದು ಸಾರಿ, ಕೊನೆಗೆ ಇವನೇ ನಮ್ಮವನಾದರೆ, ಮುದುಕಿಗೆ ಅರಳುಮರಳೆಂಬ ಮಾತು ಖಾಯಂ. ಆಮೇಲೆ ಯಾವ ಹೆಂಗಸಿನ ಮನೆಗೂ ಸಂತ ಬರಲಾರ. ಕೆಟ್ಟದ್ದು ಹಲಗೆಯೋ, ಸಂತನೋ, ತನ್ನ ತಲೆಯೋ? ಮೂರರಲ್ಲಿ ಯಾವುದೆಂದು ಆಕೆಗೇ ಬಗೆಹರಿಯಲಿಲ್ಲ. ಸಂತನನ್ನು ಕಂಬಳಿಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು ಊರೂರು ಹೊರಟಳು.

ಮೊಂಬ್ರೇಯಲ್ಲಿ ಬಾಗಿಲು ತೆರೆದ ಹೆಂಗಸು ನಕ್ಕಳು. “ನಮ್ಮೋನು ಕಲ್ಲಿನವನು ಮದಾಮ್. ನಾಲ್ಕು ಜನ ಹೊರ್ಬೇಕು. ಅವನ್ನ ನೀವು ಬದಲಾಯಿಸಿದ್ರೆ ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ.”

ಅಲ್ಲಿಂದ ಬಸ್ಸು ಹಿಡಿದು ಕೋಟೆಯೂರು ವೆರ್ಜೇಗೆ ಬಂದಳು. ಚಿಕ್ಕಂದಿನಿಂದ ಸಂತೆಗೆ ಬಂದ ಊರೇ. ಆದರೂ ಅಂದು ಓಣಿಗಳು ಕಲಸಿಹೋದವು. ಗೋಪುರದ ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಕಾರಂಜಿ, ಬಲಕ್ಕೆ ತಿರುಗಿದರೂ ಅದೇ ಕಾರಂಜಿ. ಮೂರನೆಯ ಸಲ ಕಂಡಾಗ ಕಾಫಿ ಅಂಗಡಿಯವನು ಮೇಜು ಒರೆಸುತ್ತಲೇ ಕೇಳಿದ: “ಅಮ್ಮಾ, ಹರಕೆ ಪ್ರದಕ್ಷಿಣೆಯಾ? ಇನ್ನೆಷ್ಟು ಸುತ್ತು ಬಾಕಿ?”

“ಪೀಪಾಯಿ ಮಾಡೋರ ಮನೆ ಎಲ್ಲಪ್ಪ?”

“ನೀವು ಒರಗಿ ನಿಂತಿದ್ದೀರಲ್ಲ, ಅದೇ ಗೋಡೆ.”

ಪೀಪಾಯಿಯವನ ಮನೆಯ ಸಂತನಿಗೆ ಬಣ್ಣವೇ ಇರಲಿಲ್ಲ. ಹೊಗೆ ಹಿಡಿದು ಕಪ್ಪಾಗಿದ್ದ. ತ್ರುಶೋ ಅಮ್ಮ ಹೊರಗೆ ಬಂದು ಕಾರಂಜಿಯ ಕಟ್ಟೆಯ ಮೇಲೆ ಕೂತಳು. ಬುಟ್ಟಿಯ ಕಂಬಳಿ ಸರಿಸಿ ಮುಖ ನೋಡಿದಳು. ಈಗ ನೋಡಿದರೆ ಇವನೇ ನಮ್ಮವನೆನಿಸಿತು. ಇಷ್ಟು ದೂರ ಹೊತ್ತು ತಿರುಗಿದ್ದಕ್ಕೆ ಬಂದ ಸಲಿಗೆಯೋ, ನಿಜವೋ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಿರದ ಊರುಗಳಲ್ಲಿ ಉಳಿದದ್ದು ಸವಿರೋಲ್ ಒಂದೇ. ಅಲ್ಲಿ ಸಂತನನ್ನು ಇಟ್ಟುಕೊಂಡಿದ್ದವನು ಬೇಕರಿಯ ಪ್ರೊಸ್ಪೇರ್. ಅವನ ಹೆಂಡತಿಯ ಕಡೆಯಿಂದ ಒಂದಿಷ್ಟು ತೋಟ ಬಂದಿತ್ತು. ಹಿಟ್ಟಿನ ಮೂಟೆಗಳ ಮೇಲಿನ ಗೂಡಿನಲ್ಲಿ ನೀಲಿ ನಿಲುವಂಗಿಯ ಸಂತ ನಿಂತಿದ್ದ. ನೋಡಿದೊಡನೆ ಆಕೆ ಬುಟ್ಟಿ ಇಳಿಸಿ, ಬಂದ ಕಾರಣ ಹೇಳಿದಳು.

“ಬದಲಾಗಿದ್ರೆ ನನಗೆ ಗೊತ್ತಾಗಲ್ವಾ ಮದಾಮ್?” ಎಂದ ಪ್ರೊಸ್ಪೇರ್. ಆಮೇಲೆ ಇಬ್ಬರು ಸಂತರನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಒಂದು ಗಳಿಗೆ ನೋಡಿ, ಗಲ್ಲ ಕೆರೆದುಕೊಂಡ. “ಗೊತ್ತಾಗಲ್ಲ ಬಿಡಿ. ನನ್ನ ಹೆಂಡ್ತಿ ಬಣ್ಣ ಹೊಡೆದಾಗಿಂದ ನನಗೆ ಇವನ ಪರಿಚಯವೇ ತಪ್ಪೋಗಿದೆ.”

“ಪೂಜೆಗೆ ಮುಂಚೆ ಎಲ್ಲಿಟ್ಟಿದ್ರಿ?”

“ನಿಮ್ಮದರ ಪಕ್ಕದಲ್ಲೇ. ಆಮೇಲೆ ಪಾದ್ರಿಗಳ ಸಹಾಯಕ ಹೂವಿಡೋಕೆ ಅಂತ ಎಲ್ಲಾನೂ ಜರುಗಿಸ್ತಿದ್ದ.”

ಆ ಮೇಜಿನ ಮೇಲೆ ಇಬ್ಬರೂ ಅಲುಗಾಡಲಿಲ್ಲ. ತ್ರುಶೋ ಅಮ್ಮ ಒಬ್ಬನನ್ನು ಎತ್ತಿ ಇಳಿಸಿದಳು, ಇನ್ನೊಬ್ಬನನ್ನು ಎತ್ತಿದಳು. ಇವನೇ ಎನಿಸಿತು. ಮತ್ತೆ ಮೊದಲನೆಯವನನ್ನು ಎತ್ತಿದರೆ ಅವನೇ ಎನಿಸಿತು.

“ಚೀಟಿ ಎತ್ತೋಣ್ವಾ?” ಎಂದ ಪ್ರೊಸ್ಪೇರ್. ಆಕೆಯ ಮುಖ ಕಂಡು ಮೆತ್ತಗಾದ. “ನಿಮಗೆ ಬೇಕಾದವನನ್ನ ತಗೊಂಡ್ ಹೋಗಿ ಮದಾಮ್. ಬಳ್ಳಿ ಕಾದ್ರೆ ಸಾಕು, ಯಾರಾದ್ರೇನು.”

ಆಕೆ ಗೂಡಿನಲ್ಲಿದ್ದವನನ್ನು ಎಡತೋಳಿನ ಮೇಲೆ ಕೂರಿಸಿಕೊಂಡಳು. ಹೊರಗೆ ಹಿಮ ಉದುರತೊಡಗಿತ್ತು. ಪ್ರೊಸ್ಪೇರ್ ಏಪ್ರನ್ ಬಿಚ್ಚಿ ಬ್ರೆಡ್ಡಿನ ವ್ಯಾನಿನ ಕೀಲಿ ತೆಗೆದುಕೊಂಡ.

“ಬನ್ನಿ, ಕಾಲು ಗಂಟೇಲಿ ಶಾಂಪ್ಲೋಗೆ ಬಿಡ್ತೀನಿ. ಈ ಹಿಮದಲ್ಲಿ ಎರಡು ಗಂಟೆ ಹೆಂಗ್ ನಡೀತೀರಿ?”

“ಬೇಡಪ್ಪ,” ಎಂದಳು ತ್ರುಶೋ ಅಮ್ಮ. “ಕಣ್ಣಿನ ಮೇಲೆ ನನಗೆ ನಂಬಿಕೆ ಹೋಗಿದೆ, ಬಣ್ಣ ನಾನೇ ಮೆತ್ತಿದ್ದು. ಆದ್ರೆ ಹಬ್ಬಕ್ಕೆ ಹೋಗೋವಾಗ ಇಷ್ಟೇ ದೂರ ಅವನನ್ನ ಈ ತೋಳಲ್ಲಿ ಹೊತ್ತಿದ್ದೀನಿ. ಎಲ್ಲಿ ಒತ್ತಿದ, ಎಲ್ಲಿ ನೋಯಿಸಿದ ಅಂತ ತೋಳಿಗೆ ಗೊತ್ತು. ಅಲ್ಲೇ ನೋಯಿಸಿದ್ರೆ ನಮ್ಮವನು, ಬೇರೆ ಕಡೆ ನೋಯಿಸಿದ್ರೆ ಅರ್ಧ ದಾರಿಯಿಂದ ವಾಪಸ್ ಬರ್ತೀನಿ. ವ್ಯಾನಲ್ಲಿ ಕೂತ್ರೆ ಸುಖವಾಗಿ ಊರು ಸೇರ್ತೀನಿ, ಏನೂ ತಿಳಿಯದೆ ಇಳೀತೀನಿ. ನೀವು ಬ್ರೆಡ್ ನೋಡ್ಕೊಳ್ಳಿ, ಸೀದು ಹೋಗತ್ತೆ.”