ಮುನಿರಾಜಣ್ಣನ ಹೆಸರಲ್ಲಿ ನಾನು ಕೊಟ್ಟ ತೀರ್ಪು

ಮುನಿರಾಜಣ್ಣ, ಗೋಪಾಲಣ್ಣನ ಹಾಡನ್ನು ಹೀಗಳೆದ ಆ ದನಿ ನಿಮ್ಮದಲ್ಲ, ನನ್ನದು. ಆ ದನಿಯನ್ನು ನೀವು ಈವರೆಗೂ ಕೇಳಿಯೇ ಇಲ್ಲ. ಜೀವದ ಗೆಳೆಯ ಯಾಕೆ ಮಾತು ಬಿಟ್ಟ ಅಂತ ನಿಮಗೆ ಇಷ್ಟು ವರ್ಷ ಗೊತ್ತಾಗದೇ ಇರುವುದೂ ಅದಕ್ಕೇ. ಗೊತ್ತಿದ್ದವನು ನಾನೊಬ್ಬ, ಮತ್ತು ನಾನು —

ಪೇಪರಿನಲ್ಲಿ ಜಾಹೀರಾತನ್ನೂ ಬಿಡದೆ ಓದುವವರು ನೀವು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ಯಾರದೋ ದನಿ ತೆಗೆದು, ನಿಮ್ಮನ್ನು ನಗಿಸಿ, ಜಾರಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಓದುವ ಬೇರೆಯವರಿಗೂ ಸ್ವಲ್ಪ ಹೇಳಬೇಕು. ಬೆಳಗಿನ ಬೆಂಗಳೂರು ರೈಲಿಗೆ ನಾನು ಮತ್ತು ಗೋಪಾಲಣ್ಣ ನಮ್ಮ ಚಿನ್ನದ ಗಣಿ ಊರಿನ ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದೆವು. ಹತ್ತಿದ ಕೂಡಲೇ ಗೋಪಾಲಣ್ಣ ಕಿಟಕಿ ಪಕ್ಕದ ಸೀಟಿಗೆ ತಮ್ಮ ಟವೆಲ್ ಹಾಸುತ್ತಿದ್ದರು. ಬಂಗಾರಪೇಟೆಯಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಆ ಟವೆಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಮುನಿರಾಜಣ್ಣನ ಸೀಟು. ಡೈರಿಗೆ ಹಾಲು ಹಾಕಿ, ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಟ್ಟು, ಪೇಪರ್ ಹಿಡಿದು ಓಡಿ ಬರುತ್ತಿದ್ದರು. ಕೂತದ್ದೇ ತಡ, ತೀರ್ಪು ಶುರು.

ತೀರ್ಪು ಎಂದರೆ ಲೋಕದ ಮೇಲೆ ಅವರ ಅಭಿಪ್ರಾಯ. ಬಾಹ್ಯಾಕಾಶದ ಸಿನಿಮಾ ನೋಡಿದರೆ, "ಆ ಹಡಗ್ನಾಗೆ ಎಲ್ಲಾ ಐತೆ ಕಣ್ಲಾ, ಕಕ್ಕಸು ಮಾತ್ರ ಒಬ್ನೂ ತೋರ್ಸಾಕಿಲ್ಲ. ಅದ್ಯಾವ ವಿಜ್ಞಾನ?" ಹೊಸ ಹಾಡು ಕೇಳಿದರೆ, "ಆಡೋನಿಗಿಂತ ಮಿಷಿನ್ನೇ ಜಾಸ್ತಿ ಉಸ್ರು ಬಿಡ್ತದೆ." ಇಂಗ್ಲೆಂಡಿನ ರಾಜಕೀಯವೆಂದರೆ ಅವರಿಗೆ ಪಕ್ಕದ ಮನೆಯ ಜಗಳ. "ಯುರೋಪಿಂದ ಬ್ಯಾರೆ ಆದ್ರಂತೆ. ಆಗ್ಲಿ. ಪಾಲಾದ್ಮೇಲೂ ಬಾವಿ ಯಾರ್ದು ಅಂತ ಕಿತ್ತಾಡ್ತಾವ್ರೆ ನೋಡು, ನಮ್ ದಾಯಾದಿಗಳಂಗೆ."

ಅವರದು ಬಟನ್ ಫೋನು. ಹಾಗಾಗಿ ನಮ್ಮ ರೈಲಿನ ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಅವರ ತೀರ್ಪು ಅವರದೇ ದನಿಯಲ್ಲಿ ರೆಕಾರ್ಡಾಗಿ ನನ್ನ ಫೋನಿನಿಂದಲೇ ಹೋಗುತ್ತಿತ್ತು. ರಜಾ ದಿನ ಅವರು ಫೋನು ಮಾಡಿ ಹೇಳಿದ್ದನ್ನೂ ನಾನೇ ರೆಕಾರ್ಡ್ ಮಾಡಿ ಹಾಕುತ್ತಿದ್ದೆ. ನನ್ನ ಹೆಸರಿನ ಕೆಳಗೆ ಮುನಿರಾಜಣ್ಣನ ದನಿ ಬಂದರೆ ಯಾರಿಗೂ ಆಶ್ಚರ್ಯವಿಲ್ಲ.

ಇನ್ನು ನಾನು. ಟಿಕೆಟ್ ಚೆಕರ್, ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನ ಏಜೆಂಟು, ನನ್ನ ಸೋದರಮಾವ, ಹುಡುಗಿ ನೋಡಲು ಹೋದಾಗ ತೊದಲಿದ ನಾನು — ಎಲ್ಲರದೂ ಮಾಡಿ ತೋರಿಸುತ್ತಿದ್ದೆ. ಮುನಿರಾಜಣ್ಣ, ನಿಮ್ಮದನ್ನು ನಿಮ್ಮೆದುರೇ ಮಾಡಿದಾಗ ನೀವೇ ಎಲ್ಲರಿಗಿಂತ ಜೋರಾಗಿ ನಕ್ಕಿರಿ. ಗೋಪಾಲಣ್ಣ ಮಾತ್ರ ಒಂದು ದಿನ, "ಡೇಯ್, ಎಲ್ಲಾರ್ದೂ ಮಾಡ್ತೀಯ, ಚೆನ್ನಾಗೈತೆ. ನಿಂದು ಅಂತ ಏನ್ ಪಾ ಐತೆ?" ಅಂದರು. ಅವರು ತಮಾಷೆಗೆ ಅಂದದ್ದು. ನಾನೂ ನಕ್ಕೆ. ಆದರೆ ಅದು ಒಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು — ಕೀಟಲೆ ಮಾಡುವವನಿಗೆ ಕೀಟಲೆ ತಡೆಯುವ ಶಕ್ತಿ ಇಲ್ಲ ಅಂತ ಅವತ್ತೇ ಗೊತ್ತಾಗಬೇಕಿತ್ತು.

ಗೋಪಾಲಣ್ಣ ಒಂದು ಕಾಲದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಿದ್ದವರು. ಡಿಜೆ ಬಂದ ಮೇಲೆ ಯಾರೂ ಕರೆಯಲಿಲ್ಲ, ಫ್ಯಾಕ್ಟರಿ ಸೇರಿದರು. ಎಷ್ಟೋ ವರ್ಷದ ಮೇಲೆ, ಹಳೇ ಕೀಬೋರ್ಡಿನ ಧೂಳು ಒರೆಸಿ, ಮನೆಯಲ್ಲೇ ಕೂತು ಒಂದು ಹಾಡು ಮಾಡಿದರು. ಬೇರೆ ಗ್ರಹದವನೊಬ್ಬ ಮುಚ್ಚಿದ ಗಣಿಯೊಳಗೆ ಇಳಿದು ದಾರಿ ತಪ್ಪಿ, ಮೇಲೆ ಮನುಷ್ಯರು ಕೆಮ್ಮುವುದನ್ನು ಕೇಳಿ ಹೆದರುವ ಹಾಡು. ಶನಿವಾರ ಗುಂಪಿಗೆ ಹಾಕಿ ಬರೆದರು: ಮುನಿರಾಜು ಏನಂತಾನೋ ಅಷ್ಟೇ ನನಗೆ ಬೇಕು. ಅವನು ಸರಿ ಅಂದರೆ ಮತ್ತೆ ಹಾಡುತ್ತೇನೆ.

ನೀವು ಭಾನುವಾರ ಊರಲ್ಲಿದ್ದಿರಿ. ಹಾಡು ಕೇಳಿರಲಿಲ್ಲ. ನಾನು ಮನೆಯ ಮಹಡಿ ಹತ್ತಿ, ಗಂಟಲು ಸರಿಮಾಡಿಕೊಂಡು, ನಿಮ್ಮ ದನಿ ತೆಗೆದು, ರೆಕಾರ್ಡ್ ಮಾಡಿ ಗುಂಪಿಗೆ ಕಳಿಸಿದೆ.

"ಲೇ ಗೋಪಾಲ, ಬ್ಯಾರೆ ಗ್ರಹದೋರು ಈ ಸಾಂಗು ಕೇಳ್ಬುಟ್ರೆ ಭೂಮಿ ಕಡೆ ತಲೆ ಆಕಿ ಮನಗಾಕಿಲ್ಲ ಕಣ್ಲಾ. ಇಂಗ್ಲೆಂಡ್ ಪ್ರಧಾನಿಗಳೇ ವಾಸಿ, ಆಗಾಕಿಲ್ಲ ಅಂತ ಗೊತ್ತಾದ್ರೆ ಇಳ್ದು ಓಗ್ತಾರೆ. ನೀನೂ ಇಳ್ದುಬಿಡು."

ನಗುವ ಮುಖಗಳು ಸಾಲಾಗಿ ಬಂದವು. ಯಾರಾದರೂ ಕಂಡುಹಿಡಿಯುತ್ತಾರೆ, ಆಮೇಲೆ ಎಲ್ಲರೂ ನನ್ನನ್ನು ಬೈದು ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ಕಂಡುಹಿಡಿಯಲಿಲ್ಲ. ಗೋಪಾಲಣ್ಣ ಹಾಡನ್ನು ಅಳಿಸಿ, ಗುಂಪು ಬಿಟ್ಟು ಹೋದರು. ಆಗಲೇ ಹೇಳಬಹುದಿತ್ತು. ಒಂದು ಸಾಲು ಸಾಕಿತ್ತು. ನನ್ನ ಮಿಮಿಕ್ರಿ ಅಷ್ಟು ಚೆನ್ನಾಗಿ ಬಂದಿತ್ತಲ್ಲ ಎಂಬ ಹೆಮ್ಮೆ ಬೇರೆ — ನಾಚಿಕೆಯಾಗುತ್ತದೆ, ಆದರೆ ಇತ್ತು.

ಸೋಮವಾರ ಗೋಪಾಲಣ್ಣ ಟವೆಲ್ ಹಾಸಲಿಲ್ಲ. ಬಂಗಾರಪೇಟೆಯಲ್ಲಿ ನೀವು ಹತ್ತಿದಾಗ ಆ ಸೀಟಿನಲ್ಲಿ ಯಾರೋ ಮಗು ಕೂರಿಸಿಕೊಂಡು ಕೂತಿದ್ದರು. ನೀವು ನೋಡಿದಿರಿ. ಗೋಪಾಲಣ್ಣ ಕಿಟಕಿಯ ಆಚೆ ನೋಡಿದರು. ನೀವು ಬಾಗಿಲ ಹತ್ತಿರ, ನನ್ನ ಪಕ್ಕ ಬಂದು ನಿಂತಿರಿ.

"ಅವ್ನಿಗೇನಾಯ್ತ್ಲಾ?"

"ಗೊತ್ತಿಲ್ಲಣ್ಣ," ಅಂದೆ.

ನನ್ನದೇ ದನಿಯಲ್ಲಿ ಹೇಳಿದ ದೊಡ್ಡ ಸುಳ್ಳು ಇದು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. "ಅವ್ನೇನೋ ಸಾಂಗ್ ಮಾಡವ್ನಂತಲ್ಲ, ಆಕು," ಅಂದಿರಿ. ಹಾಡು ನನ್ನ ಫೋನಿನಲ್ಲಿ ಉಳಿದಿತ್ತು. ಕಿವಿಗೆ ಒತ್ತಿ ಹಿಡಿದು ಕೇಳಿದಿರಿ. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿದಿರಿ. ಆಮೇಲೆ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಿರಿ.

"ಆ ಕೆಮ್ಮು ಬತ್ತದಲ್ಲ, ಅದು ಅವ್ರಪ್ಪಂದು ಕಣ್ಲಾ. ಗಣಿ ಧೂಳು ಕುಡ್ದು ಅಂಗೇ ಕೆಮ್ಮೋನು. ನಾನವ್ರ ಮನ್ಯಾಗ್ ಮನಗಿದ್ದಾಗ ಕೇಳಿವ್ನಿ. ಇದ್ಕೆಲ್ಲ ತೀರ್ಪು ಕೊಡಾಕೆ ನಾನ್ಯಾವನು? ಶ್ಯಾನೆ ಚೆನ್ನಾಗೈತೆ. ಅವ್ನು ನನ್ ತಾವ ಮಾತಾಡಾಕಿಲ್ಲ ಅಂದ್ರೆ ಬ್ಯಾಡ. ನೀನಾದ್ರೂ ಏಳು ಅವ್ನಿಗೆ."

ಹೂಂ ಅಂದೆ. ಹೇಳಲಿಲ್ಲ. ಹೇಳಿದರೆ ಭಾನುವಾರದ ಮಾತು ಯಾರದು ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ಮಾತನ್ನು ನಿಮ್ಮದೆಂದು ಕೊಟ್ಟೆ; ನಿಮ್ಮ ಮಾತನ್ನು ಕೊಡದೆ ಇಟ್ಟುಕೊಂಡೆ. ಇದರಲ್ಲಿ ಯಾವುದು ದೊಡ್ಡ ತಪ್ಪು ಅಂತ ತೂಗಿ ನೋಡಿದ್ದೇನೆ. ಮೊದಲನೆಯದನ್ನು ಹುಡುಗಾಟ ಅನ್ನಬಹುದೇನೋ. ಎರಡನೆಯದಕ್ಕೆ —

ನೀವಿಬ್ಬರೂ ಅದೇ ರೈಲಿನಲ್ಲಿ ಬೇರೆ ಬೇರೆ ಡಬ್ಬಿ ಹಿಡಿದಿರಿ. ಇಬ್ಬರೂ ಮಾನಸ್ಥರು, ಒಬ್ಬರನ್ನೊಬ್ಬರು ಕೇಳಲಿಲ್ಲ. ಗೋಪಾಲಣ್ಣ ಕೀಬೋರ್ಡನ್ನು ಭಾವಮೈದುನನ ಮನೆಗೆ ಕೊಟ್ಟುಬಿಟ್ಟರಂತೆ. ನಾನು ನಗಿಸುತ್ತಲೇ ಇದ್ದೆ. ನಿಮ್ಮ ದನಿಯನ್ನು ಮಾತ್ರ ಮತ್ತೆ ಮಾಡಲಿಲ್ಲ. ಕೇಳಿದವರಿಗೆ ಮರೆತುಹೋಯಿತು ಅಂದೆ. ಅದೂ ಸುಳ್ಳೇ.

ಆ ಹಾಡು ಈಗಲೂ ನನ್ನ ಹತ್ತಿರ ಇದೆ. ಗೋಪಾಲಣ್ಣನ ಹತ್ತಿರವೂ ಇರಲಾರದು.

ಇದು ಅಚ್ಚಾಗುವ ಭಾನುವಾರ ನಾನು ಕೋರಮಂಡಲ್‌ನಲ್ಲಿರುವ ಗೋಪಾಲಣ್ಣನ ಮನೆಗೆ ಹೋಗುತ್ತೇನೆ. ನೀವು ಜೊತೆಗೆ ಬರಬೇಕೆಂದು ಕೇಳುವ ಮುಖ ನನಗಿಲ್ಲ. ಕ್ಷಮಿಸಿ ಅಂತಲೂ ಇಲ್ಲಿ ಬರೆಯುವುದಿಲ್ಲ, ಅದು ನೀವಿಬ್ಬರೂ ತೀರ್ಮಾನಿಸುವುದು. ಅವರು ಕೂರಿಸದಿದ್ದರೆ ನಿಂತೇ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ, ಬೀದಿಗೆಲ್ಲ ಕೇಳಿದರೂ ಸರಿ, ಹೇಳಿಯೇ ಬರುತ್ತೇನೆ: ಗೋಪಾಲಣ್ಣ, ಮುನಿರಾಜಣ್ಣ ನಿಮ್ಮ ಹಾಡನ್ನು ಎರಡು ಸಲ ಕೇಳಿದರು.