ಗೆದ್ದವರ ಕೋಟು ಹೊಲಿದಾಕೆ

ಇನ್ನೂ ಮಬ್ಬುಗತ್ತಲೆ. ಹಾರ್ಗೆಟ್ ಮನೆಯ ಜಗಲಿಯಲ್ಲಿ ಒಡೆಸ್ಸಾ ಪೆಟಿಫೋರ್ಡ್ ನೀಲಿ ಉಣ್ಣೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಅಂಗಳ ಗುಡಿಸಿಯಾಗಿದೆ, ಮರದ ಬೇಲಿಯನ್ನು ಸರಿಪಡಿಸಿಯಾಗಿದೆ. "ದೂರ ನಿಲ್ಲಪ್ಪಾ, ನಿನ್ನ ಕಾಫಿ ಚೆಲ್ಲಿದ್ರೆ ಇಡೀ ಸೈನ್ಯದ ಮಾನ ಹೋಗುತ್ತೆ," ಎಂದು ಊರ ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ಗದರುತ್ತಾರೆ.

ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರ ಏಪ್ರಿಲ್‌ನಲ್ಲಿ, ದಕ್ಷಿಣದ ಬೂದು ಕೋಟಿನ ದಂಡೊಂದು ಉತ್ತರದ ನೀಲಿ ಕೋಟಿನವರಿಗೆ ಶರಣಾದದ್ದು ನಮ್ಮ ಉತ್ತರ ಕ್ಯಾರೊಲಿನಾದ ಇದೇ ಅಂಗಳದಲ್ಲಿ. ಒಡೆಸ್ಸಾರ ಮುತ್ತಜ್ಜ ಇಷ್ಮಾಯೆಲ್ ಆಗ ಈ ಮನೆಯ ಗುಲಾಮ. ಅವನಿಗೆ ಬಿಡುಗಡೆಯಾದದ್ದೂ ಅಂದೇ. ಈಗ ಈ ಸ್ಮಾರಕವನ್ನು ನೋಡಿಕೊಳ್ಳುವವರು ಅವನ ಮರಿಮಗಳು. ಕಸ ಗುಡಿಸುವುದು, ಹುಲ್ಲು ಕತ್ತರಿಸುವುದು, ಫಿರಂಗಿ ಹತ್ತಿದ ಮಕ್ಕಳನ್ನು ಇಳಿಸುವುದು, ಎಲ್ಲ ಅವರದೇ. ಸಮಾರಂಭದ ಫೋಟೋಗಳಲ್ಲಿ ಮಾತ್ರ ಅವರು ಎಲ್ಲೂ ಇಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಆ ಶರಣಾಗತಿಯನ್ನು ಇಲ್ಲಿ ಆಡಿ ತೋರಿಸುತ್ತಾರೆ. ತೊಂದರೆ ನಮ್ಮೂರವರದೇ. ಎಲ್ಲರಿಗೂ ತಮ್ಮ ಹಿರಿಯರು ತೊಟ್ಟ ಬೂದು ಕೋಟೇ ಬೇಕು! ಹೋದ ವರ್ಷ ಸೋತವರ ಕಡೆ ಅರವತ್ತು ಜನ, ಗೆದ್ದವರ ಕಡೆ ಒಬ್ಬನೇ ಒಬ್ಬ ಅಂಚೆಯಣ್ಣ. ಅವನೂ ಡ್ಯೂಟಿಗೆ ಹೊತ್ತಾಯಿತೆಂದು ನಡುವೆಯೇ ಎದ್ದುಹೋದ. ನಾಚಿಕೆಗೇಡು! ಬೂದು ದಂಡಿನ ಸೇನಾಪತಿಯಾಗುವ ಟ್ರ್ಯಾಕ್ಟರ್ ರಿಪೇರಿಯ ಹಾಯ್ಟ್ ಸ್ಟಾಲಿಂಗ್ಸ್, ಶರಣಾಗತಿಯ ಗುರುತಾಗಿ ಗೆದ್ದವರಿಗೆ ಒಪ್ಪಿಸಬೇಕಾದ ಕತ್ತಿ ಹಿಡಿದು ಪೆಚ್ಚಾಗಿ ನಿಂತಿದ್ದ. "ಮಿಸ್ ಒಡೆಸ್ಸಾ, ಇದನ್ನ ಯಾರಿಗೆ ಕೊಡ್ಲಿ? ಆ ಮರಕ್ಕಾ?" ಎಂದು ಕೂಗಿದ. ಈ ವರ್ಷವೂ ಹೀಗಾದರೆ ಆಟವನ್ನೇ ನಿಲ್ಲಿಸುವುದೆಂದು ಸಮಿತಿ ಹೇಳಿಬಿಟ್ಟಿತು.

"ನಿಲ್ಲಿಸ್ತಾರಂತೆ! ನಮ್ಮೋರಿಗೆ ಬಿಡುಗಡೆಯಾದ ದಿನ ಅದು. ನಿಲ್ಲಿಸೋಕೆ ಇವರ್ಯಾರು?" ಎಂದ ಒಡೆಸ್ಸಾ ಚಳಿಗಾಲವಿಡೀ ಹೊಲಿಗೆಯಂತ್ರದ ಮುಂದೆ ಕುಳಿತರು. ತಮ್ಮ ಚರ್ಚಿನಲ್ಲಿ ಹಾಡುವವರನ್ನೆಲ್ಲ ಹಿಡಿದು ಅಳತೆ ತೆಗೆದರು. ಬೆನ್ನುನೋವು, ಮಂಡಿನೋವು ಎಂದು ನೆಪ ತೆಗೆದವರಿಗೆ, "ಭಾನುವಾರ ನನ್ನ ಕೈಯ ಕೋಳಿ ಫ್ರೈ ಬೇಕೋ ಬೇಡ್ವೋ?" ಎಂದರು. ನೋವೆಲ್ಲ ಅಲ್ಲೇ ವಾಸಿಯಾಯಿತು.

ಇವತ್ತು ಹತ್ತು ಗಂಟೆಗೆ ನೀಲಿ ದಂಡು ಹಾಡುತ್ತ ಬೇಲಿ ದಾಟಿ ಬರುತ್ತದೆ. ನಲವತ್ತು ಮಂದಿ, ಅರ್ಧಕ್ಕರ್ಧ ಹೆಂಗಸರು. ಎಲ್ಲರ ಮುಂದೆ ಒಡೆಸ್ಸಾ. ಕುಳಿತಿದ್ದ ಜನ ಎದ್ದು ನಿಲ್ಲುತ್ತಾರೆ, ಬೂದು ಕೋಟಿನವರೂ ಟೋಪಿ ತೆಗೆಯುತ್ತಾರೆ. ಹಾಯ್ಟ್ ಎರಡೂ ಕೈಯಲ್ಲಿ ಕತ್ತಿ ನೀಡುತ್ತಾನೆ.

"ಅಂತೂ ಬಂದ್ರಲ್ಲ, ಮಿಸ್ ಒಡೆಸ್ಸಾ!"

"ಬಂದೆ. ಸ್ವಲ್ಪ ಬಗ್ಗಿ ಕೊಡು ಹಾಯ್ಟ್, ನಾನು ಕುಳ್ಳಿ."

ನಗು, ಚಪ್ಪಾಳೆ, ಮತ್ತೆ ಹಾಡು. ನನಗಂತೂ ಕಣ್ಣು ತುಂಬಿ ಬರುತ್ತದೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಮುಂದಿನ ವರ್ಷದ ದಿನಾಂಕವನ್ನು ಸಮಿತಿಯವರು ಅಲ್ಲೇ ಘೋಷಿಸುತ್ತಾರೆ.

ಮಧ್ಯಾಹ್ನ ಗೆದ್ದವರು ಸೋತವರಿಗೆ ಊಟ ಬಡಿಸುತ್ತಿದ್ದಾರೆ. ಕತ್ತಿ ಕೈಗೆ ಬಂದಾಗ ಏನನ್ನಿಸಿತೆಂದು ಒಡೆಸ್ಸಾರನ್ನು ಕೇಳುತ್ತೇನೆ. ಸೌಟು ಕೆಳಗಿಟ್ಟು ಮನೆಯ ಕಡೆ ನೋಡುತ್ತಾರೆ.

"ಆವತ್ತು ಇಷ್ಮಾಯೆಲಜ್ಜ ಇದನ್ನೆಲ್ಲ ಅಡುಗೆಮನೆ ಕಿಟಕಿಯಿಂದ ಕದ್ದು ನೋಡಿದ್ನಂತೆ. ನಾನು ಅಂಗಳದ ಮಧ್ಯೆ ನಿಂತು ಕೈಯಾರೆ ಇಸ್ಕೊಂಡೆ ಕಣಪ್ಪಾ."